ಉಯ್ಯಾಲೆಯ ಹತ್ತು ಸಾವಿರ ಹೆಜ್ಜೆ

ಅಹಮದಾಬಾದಿನ ಆ ಓಣಿಯಲ್ಲಿ ತರುಲತಾಬೆನ್ ಅಂದರೆ ಉಯ್ಯಾಲೆ, ಉಯ್ಯಾಲೆ ಅಂದರೆ ತರುಲತಾಬೆನ್. ಬೆಂಡೆಕಾಯಿ ಹೆಚ್ಚುವುದು, ಚಹಾ ಕುಡಿಯುವುದು, ಗಂಡ ಪ್ರಬೋಧಭಾಯಿಯನ್ನು ಗದರುವುದು ಎಲ್ಲ ಪಡಸಾಲೆಯ ಆ ಉಯ್ಯಾಲೆ ಮೇಲೆಯೇ.

ಲಾಕ್‌ಡೌನ್ ಶುರುವಾದ ವಾರವೇ ಡಾಕ್ಟರು ಫೋನಿನಲ್ಲಿ ಹೇಳಿಬಿಟ್ಟರು: "ಬೆನ್, ಸಕ್ಕರೆ ಜಾಸ್ತಿ ಇದೆ. ದಿನಾ ನಡೀರಿ. ಎರಡು ತಿಂಗಳಲ್ಲಿ ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಸೂಜಿನೇ ಗತಿ." ಸೂಜಿ ಅಂದರೆ ತರುಲತಾಬೆನ್‌ಗೆ ಜೀವ ಬಾಯಿಗೆ ಬರುತ್ತಿತ್ತು.

ಓಣಿಯ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಗಲೇ ಹೆಜ್ಜೆಯ ಪೈಪೋಟಿ ಎದ್ದಿತ್ತು. ಮನೆಯೊಳಗೇ ನಡೆದು, ಫೋನು ಎಣಿಸಿದ್ದನ್ನು ಸಂಜೆ ಗುಂಪಿಗೆ ಹಾಕಬೇಕು. ಎದುರುಮನೆಯ ಜಶುಬೆನ್, ಪ್ರಬೋಧಭಾಯಿಯ ಅಕ್ಕ, ಮೊದಲ ದಿನವೇ ಐದು ಸಾವಿರ ಹಾಕಿದರು. "ನಮ್ಮ ಭಾಭಿ ಉಯ್ಯಾಲೆಯಿಂದ ಇಳಿದ್ರೆ ತಾನೆ ನಡೆಯೋದು!" ಎಂದು ಚುಚ್ಚಿದರು ಕೂಡ. ಮದುವೆಯಾದಾಗಿನಿಂದ ಇದೇ ರಾಗ.

ತರುಲತಾಬೆನ್ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಡುಗೆಮನೆಗೂ ಪಡಸಾಲೆಗೂ ನಾಲ್ಕು ಸಲ ಓಡಾಡಿ, ಉಸ್ಸಪ್ಪಾ ಎಂದು ಉಯ್ಯಾಲೆ ಮೇಲೆ ಕೂತರು. ಸಂಜೆ ನೋಡಿದರೆ ಒಂಬತ್ತು ಸಾವಿರ! ಮಾರನೆಯ ದಿನ ಹತ್ತು. ಮನೆಗೆಲಸದಲ್ಲಿ ಇಷ್ಟೊಂದು ನಡಿಗೆ ಅಡಗಿದೆಯಲ್ಲ ಎಂದು ಹಿಗ್ಗಿ ಹೀರೇಕಾಯಿಯಾದರು. ಜಶುಬೆನ್ ಚುಚ್ಚುವುದು ಬಿಟ್ಟರು.

ಹದಿನೆಂಟನೆಯ ದಿನ, ಪಕ್ಕದಲ್ಲೇ ಕೂತು ತೂಗಿಕೊಳ್ಳುತ್ತಿದ್ದ ಪ್ರಬೋಧಭಾಯಿ ಆ ಫೋನು ಕೈಗೆತ್ತಿಕೊಂಡರು.

"ಏನೇ, ನಾವಿಬ್ರೂ ಕೂತೇ ಇದೀವಿ. ಇಲ್ಲಿ ನೂರು ಹೆಜ್ಜೆ ಏರ್‍ತಲ್ಲೇ!"

ಉಯ್ಯಾಲೆ ನಿಲ್ಲಿಸಿದರು, ಲೆಕ್ಕವೂ ನಿಂತಿತು. ತೂಗಿದರು, ಮತ್ತೆ ಏರಿತು. ಪ್ರಬೋಧಭಾಯಿ ಹೊಟ್ಟೆ ಹಿಡಿದು ನಕ್ಕರು.

"ನಗಬೇಡಿ ರೀ! ಹದಿನೆಂಟು ದಿನ ನಾನು ನಡೆದೇ ಇಲ್ಲ. ಸೂಜಿ ನಿಮಗೆ ಚುಚ್ತಾರಾ?" ತರುಲತಾಬೆನ್ ಕಣ್ಣು ತುಂಬಿಕೊಂಡರು.

ಮರುದಿನ ಬೆಳಿಗ್ಗೆ ಫೋನನ್ನು ಶೆಲ್ಫಿನ ಮೇಲಿಟ್ಟು, ತಾರಸಿ ಹತ್ತಿ ಸುತ್ತು ಹಾಕತೊಡಗಿದರು. ಅದರ ಮುಖ ನೋಡಲೂ ಅವರಿಗೆ ಸಿಟ್ಟು. ಗುಂಪಿಗೆ ನಿಜ ಹೇಳಲು ನಾಲಗೆ ಏಳಲಿಲ್ಲ, ಸುಳ್ಳು ಲೆಕ್ಕ ಹಾಕಲು ಮನಸ್ಸು ಒಪ್ಪಲಿಲ್ಲ. ಫೋನು ತೋರಿಸಿದಂತೆ ದಿನವೂ ಸೊನ್ನೆಯನ್ನೇ ಹಾಕಿದರು. "ಭಾಭಿ, ನಿನ್ನ ಫೋನಿಗೆ ಮಂಡಿನೋವಾ?" ಎಂದರು ಜಶುಬೆನ್. ತರುಲತಾಬೆನ್ ತಾರಸಿಯಲ್ಲಿ ನಡೆಯುತ್ತಲೇ ಇದ್ದರು.

ಮೇ ಕೊನೆಗೆ ರಕ್ತಪರೀಕ್ಷೆ ಆಯಿತು. "ಸೂಜಿ ಬೇಡ ಬೆನ್," ಎಂದರು ಡಾಕ್ಟರು. ಆ ಖುಷಿಯಲ್ಲಿ ತರುಲತಾಬೆನ್ ಫೋನು ಹಿಡಿದು, ಉಯ್ಯಾಲೆಯ ಕಥೆಯನ್ನೆಲ್ಲ ಗುಂಪಿನ ಮುಂದೆ ಒದರಿಬಿಟ್ಟರು. ಜಶುಬೆನ್ ಇನ್ನು ಜನ್ಮವಿಡೀ ಬಿಡುತ್ತಾರಾ?

ಗುಂಪಿನಲ್ಲಿ ಜಶುಬೆನ್ ಧ್ವನಿ ಸಂದೇಶ ಬಂತು.

"ಉಯ್ಯಾಲೆನಾ! ಅಯ್ಯೋ ನಿನ್ನ! ಆದ್ರೆ ಕೇಳು, ಫೋನು ಸೊನ್ನೆ ಅಂದಾಗ ನಾನು ನಮ್ಮ ಮಹಡಿ ಕಿಟಕಿಯಲ್ಲಿ ಕೂತು ನಿನ್ನ ತಾರಸಿ ಸುತ್ತು ಎಣಿಸಿದೀನಿ. ದಿನಾ ಅರವತ್ತು ಸುತ್ತು. ಒಂದಿನ ಮಾತ್ರ ಹತ್ತೇ. ಬಿಸಿಲಿಗಿಟ್ಟ ಛುಂದೋ ಉಪ್ಪಿನಕಾಯಿ ಭರಣಿಗೆ ಕೋತಿ ಬಾರದಂಗೆ ಕಾಯ್ತಾ ಕೂತ್ಯಲ್ಲ, ಅವತ್ತು. ಅಷ್ಟು ಸಕ್ಕರೆ ಸುರಿದ ಮಾವಿನಕಾಯಿ ನಿನಗ್ಯಾಕೆ ಬೇಕಿತ್ತು?"

ಮರುದಿನ ತರುಲತಾಬೆನ್ ತಾರಸಿ ಹತ್ತಿದಾಗ, ಮುಖಕ್ಕೆ ಮಾಸ್ಕು ಕಟ್ಟಿಕೊಂಡ ಜಶುಬೆನ್ ಕೋಲು ಹಿಡಿದು ಭರಣಿಯ ಪಕ್ಕ ಕೂತಿದ್ದರು.

"ಕೋತಿ ನಾನು ನೋಡ್ಕೋತೀನಿ, ನೀನು ನಡಿ," ಎಂದರು. ತರುಲತಾಬೆನ್ ಸುತ್ತು ಮುಗಿಸಿ ಹತ್ತಿರ ಬರುತ್ತಲೇ ಕೋಲನ್ನು ನೆಲಕ್ಕೆ ಕುಟ್ಟಿದರು: "ಒಂದು!"