ಮೋಡದ ಅಳತೆ

ಸಂಜೆ ಆಕಾಶ ಕೆಂಪಾಯಿತೆಂದರೆ ದರ್ಜಿ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು, ಕೊರಳಿನ ಟೇಪಿನ ಸಮೇತ ಮೊಬೈಲು ಹಿಡಿದು ತಾರಸಿಗೆ ಓಡುತ್ತಾನೆ. ‘ನನ್ನ ಅಂಗಿ ಇವತ್ತು ಕೊಡ್ತೀನಿ ಅಂದಿದ್ರಲ್ಲ?’ ಎಂದು ಯಾರಾದರೂ ಕೇಳಿದರೆ, ‘ಅಂಗಿ ನಾಳೇನೂ ಇರುತ್ತಮ್ಮ, ಮೋಡ ಇರಲ್ಲ’ ಎನ್ನುತ್ತಾನೆ. ಮೊನ್ನೆ ಕಂಡ ಮೋಡವಂತೂ ಅವನ ತಲೆಗೆ ಹುಳ ಬಿಟ್ಟಿತು. ಒಂದರ ಮೇಲೊಂದು ನುಣುಪಾದ ಪದರಗಳು. ಗಾಳಿ ಬೀಸಿದರೂ ಅದು ಇದ್ದಲ್ಲಿಂದ ಕದಲಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಅಳತೆಗೆ ಮೊದಲು ಫೋಟೋ ತೋರಿಸಿ, ‘ಇದು ಯಾವುದರ ಥರ ಇದೆ, ಹೇಳಿ’ ಎಂದು ಪೀಡಿಸಿದ. ಟೋಪಿ ಎಂದರು, ಚಿಪ್ಪು ಎಂದರು. ಕಾಲೇಜಿನ ಮೇಷ್ಟ್ರೊಬ್ಬರು ಉದ್ದನೆಯ ಹೆಸರನ್ನೇ ಹೇಳಿದರು. ‘ಹೆಸರು ಇಟ್ಕೊಂಡು ಏನ್ಮಾಡ್ಲಿ ಸಾರ್?’ ಎಂದ. ಹುಟ್ಟಿನಿಂದ ಕಣ್ಣು ಕಾಣದ ಅವನ ಅಕ್ಕ ಒಳಕೋಣೆಯಲ್ಲಿ ಗುಂಡಿ ಹೊಲಿಯುತ್ತ, ‘ಇವತ್ತಿಂದು ಹೇಗಿತ್ತೋ?’ ಎಂದು ದಿನವೂ ಕೇಳುವುದು ಅವರಿಗೇನು ಗೊತ್ತು? ಹಿಡಿದ ಹಟ ಬಿಡದೆ ಅವನು ಸ್ಯಾಟಿನ್ ತುಂಡೊಂದನ್ನು ಎಂಟು ಸಲ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, ಒಂದು ಅಂಚಿಗೆ ಮಾತ್ರ ಇಸ್ತ್ರಿ ಒತ್ತಿ ಅಕ್ಕನ ಕೈಗಿಟ್ಟ. ಅವಳು ಪದರ ಪದರವಾಗಿ ಸವರಿ, ಬೆಚ್ಚಗಿದ್ದ ಅಂಚಿನಲ್ಲಿ ಬೆರಳು ನಿಲ್ಲಿಸಿ, ‘ಸೂರ್ಯ ಈ ಕಡೆ ಇದ್ದನೇನೋ?’ ಎಂದಳು.