ಸುಣ್ಣದ ಗೆರೆ ನಾವೇ ಎಳೆದೆವು

ತೊಂಬತ್ತರ ದಶಕದಲ್ಲಿ ಚಿಕ್ಕೋಡಿಯ ಹೆಣ್ಣುಮಕ್ಕಳ ಮ್ಯಾರಥಾನ್‌ನಲ್ಲಿ ನಾನೂ ಓಡಿದ್ದೆ. ದಾರಿಯುದ್ದಕ್ಕೂ ಒಂದು ತಂಬಿಗೆ ನೀರೂ ಇಟ್ಟಿರಲಿಲ್ಲ. ಕರೋಶಿಯ ತಿರುವಿನಲ್ಲಿ ದಾರಿ ತೋರಿಸುವವರೂ ಇರದೆ ನಾವು ಏಳು ಮಂದಿ ಬೇರೆ ರಸ್ತೆಗೆ ಹೋಗಿಬಿಟ್ಟೆವು. ಹೇಗೋ ಮೈದಾನಕ್ಕೆ ಮರಳಿದಾಗ ಪೆಂಡಾಲ್ ಬಿಚ್ಚುತ್ತಿದ್ದರು.

“ಬಹುಮಾನ ಕೊಡೋ ಸಾಹೇಬ್ರು ಹೋಗ್ಯಾರ್ರಿ, ಓಟ ಮುಗದೈತಿ,” ಎಂದ ಸಂಘಟಕ.

ನನ್ನ ಜೊತೆ ಬರಿಗಾಲಲ್ಲಿ ಓಡಿದ್ದ ಕುರಿ ಕಾಯುವ ಯಲ್ಲವ್ವ ಮುಂದೆ ಬಂದಳು. “ಓಡಿದವ್ರು ಸಾಹೇಬ್ರೇನ್ರಿ? ನಾವಿನ್ನೂ ಓಡಾಕತ್ತೀವಿ. ಗೆರಿ ಎಲ್ಲೈತಿ ತೋರಸ್ರಿ.”

ಓಟ ಮುಗಿಯುವಲ್ಲಿ ಎಳೆದಿದ್ದ ಸುಣ್ಣದ ಗೆರೆ ಆಗಲೇ ಅಳಿಸಿಹೋಗಿತ್ತು. ಯಲ್ಲವ್ವ ಅಲ್ಲೇ ಬಿದ್ದಿದ್ದ ಸುಣ್ಣದ ಬುಟ್ಟಿ ಎತ್ತಿಕೊಂಡು ತಾನೇ ಹೊಸದನ್ನು ಎಳೆದಳು. ಏಳೂ ಮಂದಿ ಒಟ್ಟಿಗೇ ಓಡಿ ಅದನ್ನು ದಾಟಿ, ಸಂಘಟಕನ ಮೇಜನ್ನು ಸುತ್ತುವರಿದೆವು.

“ಹೆಸರು ಬರಕೊಳ್ರಿ,” ಎಂದೆ ನಾನು.

ಬರೆದುಕೊಂಡ. ಏಳೂ ಹೆಸರಿನ ಮುಂದೆ ‘ಪ್ರಥಮ’ ಅಂತಲೇ ಬರೆದ. ಎರಡನೆಯವಳು ಯಾರೆಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.