ಕೆಂಪಾಗಿ ವಾಪಸ್ ಬಂದ ಟ್ಯೂಬು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ರಕ್ತದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ರೋಗಿಗಳ ತೋಳಿನಿಂದ ರಕ್ತ ತೆಗೆದು, ಟ್ಯೂಬಿಗೆ ತುಂಬಿ, ಚೀಟಿ ಅಂಟಿಸಿ, ಮಹಡಿಯ ಮೇಲಿನ ಲ್ಯಾಬಿಗೆ ಕಳಿಸುವುದು. ಅವಳ ಕೋಣೆಯಲ್ಲಿ ಎರಡು ಸ್ಟೂಲು, ಕೈ ಚಾಚಲು ರೆಕ್ಸಿನ್ ಹೊದಿಸಿದ ದಿಂಬು, ಹತ್ತಿಯ ಡಬ್ಬಿ, ಇಷ್ಟೇ ಇದ್ದವು. ಎಂಥ ತೋಳಿನಲ್ಲೂ ನರ ಅವಳ ಬೆರಳಿಗೆ ಸಿಗುತ್ತಿತ್ತು. ಬೇರೆಯವರು ನಾಲ್ಕು ಕಡೆ ಚುಚ್ಚಿ ಕೈಚೆಲ್ಲಿದ ರೋಗಿಗಳು ಕೊನೆಗೆ ಅವಳ ಬಳಿಗೇ ಬರುತ್ತಿದ್ದರು. ಅದರ ಬಗ್ಗೆ ಅವಳಿಗೆ ಜಂಬವಿತ್ತು, ಇರಬೇಕಾದದ್ದೇ.

ಐವತ್ತೇಳರ ಹೊತ್ತಿಗೆ ಅವಳ ಬಲಗೈ ಸಣ್ಣಗೆ ನಡುಗತೊಡಗಿತು. ಟ್ಯೂಬುಗಳು ವಾಪಸ್ ಬರತೊಡಗಿದವು.

ವಾಪಸ್ ಕಳಿಸುವುದಕ್ಕೆ ಲ್ಯಾಬಿನಲ್ಲಿ ಒಂದು ಪದವಿತ್ತು: ಹಿಮೋಲಿಸಿಸ್. ರಕ್ತದ ಕೆಂಪುಕಣಗಳು ಒಡೆಯುವುದು ಎಂದು ಅರ್ಥ. ಟ್ಯೂಬನ್ನು ಯಂತ್ರದಲ್ಲಿಟ್ಟು ಗಿರಗಿರ ತಿರುಗಿಸಿದಾಗ ಕಣಗಳು ತಳಕ್ಕಿಳಿದು ಮೇಲೆ ತಿಳಿಹಳದಿ ನೀರು ನಿಲ್ಲಬೇಕು. ಕಣಗಳು ಒಡೆದಿದ್ದರೆ ಆ ನೀರು ಕೆಂಪಾಗುತ್ತದೆ, ಪರೀಕ್ಷೆ ಕೆಡುತ್ತದೆ. ಸಿರಿಂಜನ್ನು ಜೋರಾಗಿ ಎಳೆದರೂ, ಟ್ಯೂಬನ್ನು ಕುಲುಕಿದರೂ ಹೀಗಾಗಬಹುದು. ಪುಸ್ತಕದಲ್ಲಿ ಈ ಪದಕ್ಕೆ ಇನ್ನೊಂದು ಬಳಕೆಯೂ ಇದೆ: ಕಣಗಳು ರೋಗಿಯ ಮೈಯೊಳಗೇ ಒಡೆಯುತ್ತಿರುವುದು. ಟ್ಯೂಬಿನಲ್ಲಿ ಒಡೆದರೆ ತೆಗೆದವರ ತಪ್ಪು, ಮೈಯಲ್ಲಿ ಒಡೆದರೆ ಕಾಯಿಲೆ. ಆ ಲ್ಯಾಬಿನಲ್ಲಿ ಮೊದಲನೆಯದಷ್ಟೇ ಉಳಿದಿತ್ತು. ಅದೂ ಸವೆದು ಬರೀ 'ಹಿಮೋ' ಆಗಿ, ಬೈಗುಳದ ಹಾಗೆ ಕೇಳಿಸುತ್ತಿತ್ತು.

"ಏನ್ ರಕ್ತದಕ್ಕ, ಇವತ್ತೂ ಎರಡು ಹಿಮೋ!" ಎಂದು ಲ್ಯಾಬಿನ ಮುಖ್ಯಸ್ಥ ಮೆಟ್ಟಿಲ ಮೇಲಿಂದ ಕೂಗುತ್ತಿದ್ದ. "ರಕ್ತ ತೆಗೀತೀರೋ, ಬಟ್ಟೆ ಹಿಂಡ್ತೀರೋ?"

"ಮೊದಲು ನಿಮ್ಮ ಮಷೀನಿಗೆ ಕನ್ನಡಕ ಹಾಕ್ಸಿ," ಎಂದು ಅವಳೂ ಬಿಡುತ್ತಿರಲಿಲ್ಲ. ಆದರೆ ಬಲಗೈಯನ್ನು ಏಪ್ರನ್ನಿನ ಜೇಬಿಗಿಳಿಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅವಳ ಜೊತೆಗಿದ್ದವಳು ತಂಗಿಯೊಬ್ಬಳೇ, ಬಟ್ಟೆ ಹೊಲಿಯುವವಳು. ಜ್ವರಕ್ಕೆಂದು ಡಾಕ್ಟರು ಕೊಟ್ಟ ಮಾತ್ರೆ ನುಂಗಿದ ಮೂರನೆಯ ದಿನ ತಂಗಿಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬಂತು. ಸೋಮವಾರ ಅಕ್ಕ ಅವಳನ್ನು ಆಸ್ಪತ್ರೆಗೆ ಕರೆತಂದಳು. ಡಾಕ್ಟರು ರಕ್ತಪರೀಕ್ಷೆ ಬರೆದು, ರಿಪೋರ್ಟ್ ಬರುವ ತನಕ ಅದೇ ಮಾತ್ರೆ ಮುಂದುವರಿಸಲು ಹೇಳಿದರು.

ಅಕ್ಕನೇ ರಕ್ತ ತೆಗೆದಳು. ಟ್ಯೂಬು ವಾಪಸ್ ಬಂತು. ಮಂಗಳವಾರ ಇನ್ನೊಂದು ತೋಳಿನಿಂದ, ಉಸಿರು ಬಿಗಿಹಿಡಿದು, ನಿಧಾನವಾಗಿ ತೆಗೆದಳು. ಅದೂ ವಾಪಸ್.

"ಸ್ವಂತ ತಂಗಿಗೂ ಹಿಮೋನಾ? ಸಾಕು ಬಿಡಿ ಅಕ್ಕ, ಕೌಂಟರಿನಲ್ಲಿ ಚೀಟಿ ಬರೆಯೋ ಕೆಲಸ ಕೇಳ್ಕೊಳ್ಳಿ."

ಅವಳು ತಪ್ಪು ತನ್ನ ಕೈಯದೇ ಎಂದು ಆಗಲೇ ತೀರ್ಮಾನಿಸಿಕೊಂಡಿದ್ದಳು.

ಅಂದು ಸಂಜೆ ತಂಗಿ ಮಂಚದಿಂದಲೇ ಹೇಳಿದಳು, "ಅಕ್ಕಾ, ಉಚ್ಚೆ ಹಾಲು ಹಾಕದ ಟೀ ಥರ ಹೋಗ್ತಿದೆ ಕಣೇ."

"ನೀರು ಕುಡಿಯಲ್ಲ, ಇನ್ನೇನಾಗತ್ತೆ? ಆ ಚೊಂಬು ಖಾಲಿ ಮಾಡು."

"ಕಣ್ಣೂ ಹಳದಿ ಆಗಿದೆಯಂತೆ. ಪಕ್ಕದ ಮನೆಯವಳು ಅಂದಳು."

"ಅವಳೇನು ಡಾಕ್ಟರಾ? ನಾಳೆ ಇನ್ನೊಂದು ಸಲ ರಕ್ತ ತೆಗೆಸ್ತೀನಿ, ಸುಮ್ಮನಿರು."

"ನನ್ನ ತೋಳೇನು ನಿನ್ನ ಪ್ರಾಕ್ಟೀಸಿಗೆ ಇಟ್ಟಿದೀನಾ?" ಎಂದು ತಂಗಿ ನಕ್ಕಳು. ನಗು ಮುಗಿಸಲು ಉಸಿರು ಸಾಲಲಿಲ್ಲ.

ಬುಧವಾರ ಅಕ್ಕ ತನ್ನ ಜಂಬ ಬದಿಗಿಟ್ಟು, ವಾರ್ಡಿನ ನರ್ಸಿಗೆ ಹೇಳಿ ರಕ್ತ ತೆಗೆಸಿದಳು. ಆ ನರ್ಸಿನ ಟ್ಯೂಬು ವರ್ಷದಲ್ಲಿ ಒಮ್ಮೆಯೂ ವಾಪಸಾಗಿರಲಿಲ್ಲ. ಚೀಟಿ ಎಂದಿನಂತೆ ರಕ್ತದಕ್ಕನ ಕೋಣೆಯದು. ಟ್ಯೂಬು ವಾಪಸ್ ಬಂತು. ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಹಿಮೋ, ಮೂರನೇ ಸಲ.'

ಅದನ್ನು ಹಿಡಿದು ಅವಳು ಮೆಟ್ಟಿಲು ಹತ್ತಿ ಓಡಿದಳು. "ಇದು ನಾನು ತೆಗೆದದ್ದಲ್ಲ," ಎಂದಳು. ಯಾರು ತೆಗೆದದ್ದೆಂದೂ ಹೇಳಿದಳು.

ಮುಖ್ಯಸ್ಥ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ತಮಾಷೆ ಮಾಡಲಿಲ್ಲ. "ಉಚ್ಚೆ ಯಾವ ಬಣ್ಣ?"

"ಕಪ್ಪು. ನಿನ್ನೆಯಿಂದ."

"ನಿನ್ನೆಯಿಂದಾನಾ? ಡಾಕ್ಟರಿಗೆ ಹೇಳಿದ್ರಾ?"

ಅವಳು ಹೇಳಿರಲಿಲ್ಲ. ಅವನೂ ಮೂರು ದಿನದಲ್ಲಿ ಡಾಕ್ಟರಿಗೆ ಒಂದು ಮಾತೂ ತಿಳಿಸಿರಲಿಲ್ಲ.

ತಂಗಿಯ ಮೈಯಲ್ಲಿ ಕಣಗಳನ್ನು ಒಡೆಯುತ್ತಿದ್ದದ್ದು ಆ ಮಾತ್ರೆಯೇ. ಆ ಮಧ್ಯಾಹ್ನವೇ ಅದನ್ನು ನಿಲ್ಲಿಸಿ ರಕ್ತ ಕೊಟ್ಟರು. ಅಷ್ಟರಲ್ಲಿ ಮೂತ್ರಪಿಂಡಗಳು ಸೋತಿದ್ದವು. ಶನಿವಾರ ಬೆಳಿಗ್ಗೆ ತಂಗಿ ತೀರಿಕೊಂಡಳು. ಸಾವಿನ ಕಾರಣ ಬರೆಯುವ ಸಾಲಿನಲ್ಲಿ ಡಾಕ್ಟರು ಆ ಪದವನ್ನು ಪೂರ್ತಿಯಾಗಿ ಬರೆದರು. ಸೋಮವಾರವೇ ಗೊತ್ತಾಗಿದ್ದರೆ ಅವಳು ಉಳಿಯುತ್ತಿದ್ದಳೆಂದು ಖಚಿತವಾಗಿ ಹೇಳಲಾಗದು. ಎರಡು ದಿನದ ಮಾತ್ರೆಯಂತೂ ತಪ್ಪುತ್ತಿತ್ತು.

ರಕ್ತದಕ್ಕ ಕೌಂಟರಿನ ಕೆಲಸ ಕೇಳಲಿಲ್ಲ. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಅದೇ ಕೋಣೆಯಲ್ಲಿ ಕಳೆದಳು. ಟ್ಯೂಬು ವಾಪಸ್ ಬಂದಾಗಲೆಲ್ಲ ರೋಗಿಯನ್ನು ಕೂರಿಸಿ, ಬೇರೆಯವರಿಂದ ಮತ್ತೆ ತೆಗೆಸಿ, ತಾನೇ ಮೇಲಕ್ಕೊಯ್ದು ಮುಖ್ಯಸ್ಥನ ಎದುರು ನಿಲ್ಲುತ್ತಿದ್ದಳು.

"ನನ್ನ ಕೈಯೋ, ಅವರ ಮೈಯೋ, ನೋಡಿ ಹೇಳಿ."

ಅವನು ಯಂತ್ರ ನಿಲ್ಲುವ ತನಕ ಕಾದು, ಹೊಸ ಟ್ಯೂಬಿನ ಹಳದಿ ನೀರನ್ನು ತೋರಿಸಿ, "ನಿಮ್ಮ ಕೈಯೇ ಅಕ್ಕ," ಎನ್ನುತ್ತಿದ್ದ. ಅವಳು ಸರಿ ಎಂದು ತಲೆಯಾಡಿಸಿ ಕೆಳಗಿಳಿಯುತ್ತಿದ್ದಳು. ಹನ್ನೊಂದು ತಿಂಗಳೂ ಅವನ ಉತ್ತರ ಅದೊಂದೇ ಆಗಿತ್ತು.